ಕರಾಟೆ ಬೆಲ್ಟ್ ಪರೀಕ್ಷೆಗೆ ಸಿದ್ಧರಾಗುವ ಬಗೆ

ಬೆಲ್ಟ್ ಪರೀಕ್ಷೆಯ ದಿನಾಂಕ ಗೊತ್ತಾದ ಕೂಡಲೇ ಹೆಚ್ಚಿನವರು ಮಾಡುವ ಕೆಲಸವೆಂದರೆ ಕಟಾದ (ಒಬ್ಬರೇ ನಿಗದಿತ ಕ್ರಮದಲ್ಲಿ ಮಾಡುವ ಪಟ್ಟುಗಳ ಸಾಲು) ಚಲನೆಗಳನ್ನು ಒಂದರ ಹಿಂದೆ ಒಂದರಂತೆ ಉರು ಹೊಡೆಯುವುದು. ಕ್ರಮ ತಪ್ಪದಿರುವುದು ಅಗತ್ಯವೇ ಸರಿ. ಆದರೆ ಮೇಜಿನ ಹಿಂದೆ ಕುಳಿತ ಪರೀಕ್ಷಕರ ದೃಷ್ಟಿ ನಿಮ್ಮ ಮುಷ್ಟಿಗಿಂತ ಮೊದಲು ನಿಮ್ಮ ಪಾದಗಳ ಮೇಲೆ ಬೀಳುತ್ತದೆ. ನಿಲುವು ಗಟ್ಟಿಯಾಗಿದ್ದು ಒಂದು ಚಲನೆ ಮರೆತವರು ತೇರ್ಗಡೆಯಾಗುವುದುಂಟು. ಎಲ್ಲ ಚಲನೆಗಳೂ ನೆನಪಿದ್ದು, ಮೊಣಕಾಲು ಬಗ್ಗಿಸದೆ ಕಡ್ಡಿಯಂತೆ ನಿಂತವರು ಅದೇ ಬೆಲ್ಟಿನಲ್ಲಿ ಉಳಿಯುವುದೂ ಉಂಟು. ಆದ್ದರಿಂದ ಸಿದ್ಧತೆ ಕಾಲುಗಳಿಂದ ಆರಂಭವಾಗಬೇಕು. ಮುಂದೆ ಹೇಳಿರುವ ವಿವರಗಳು ಶೋಟೋಕಾನ್ ಶೈಲಿಯ ಮೊದಲ ಕೆಲವು ಪರೀಕ್ಷೆಗಳಿಗೆ ಸಂಬಂಧಿಸಿದವು. ಗೋಜು-ರ್ಯು, ಶಿಟೋ-ರ್ಯು ಮುಂತಾದ ಶೈಲಿಗಳಲ್ಲಿ ಕಲಿಯುತ್ತಿರುವವರಿಗೆ ಕಟಾಗಳೂ ಕೆಲವು ನಿಲುವುಗಳೂ ಬೇರೆಯಾಗಿರುತ್ತವೆ, ಸಿದ್ಧತೆಯ ರೀತಿ ಮಾತ್ರ ಹೆಚ್ಚುಕಡಿಮೆ ಇದೇ.

ಯಾವ ಹಂತ, ಯಾವ ಪಠ್ಯ

ಕರಾಟೆಯಲ್ಲಿ ಕಪ್ಪು ಬೆಲ್ಟಿನ ಕೆಳಗಿನ ಹಂತಗಳಿಗೆ ಕ್ಯು ಎಂದೂ, ಕಪ್ಪು ಬೆಲ್ಟಿನಿಂದ ಮೇಲಿನವಕ್ಕೆ ದಾನ್ ಎಂದೂ ಹೆಸರು. ಕ್ಯು ಸಂಖ್ಯೆ ಕಡಿಮೆಯಾಗುತ್ತ ಹೋದಂತೆ ದರ್ಜೆ ಏರುತ್ತದೆ: ಸಾಮಾನ್ಯವಾಗಿ 10ನೇ ಕ್ಯುವಿನಿಂದ ಹೊರಟು 1ನೇ ಕ್ಯು ಮುಟ್ಟಿದ ಮೇಲೆ ಶೋದಾನ್, ಅಂದರೆ ಮೊದಲ ದಾನ್. ಈ ಏರ್ಪಾಡು ಕರಾಟೆಗೆ ಬಂದದ್ದು ಜೂಡೋದಿಂದ. ಜೂಡೋವನ್ನು ರೂಪಿಸಿದ ಜಿಗೊರೊ ಕಾನೊ 1880ರ ದಶಕದಲ್ಲಿ ತಮ್ಮ ಶಿಷ್ಯರಿಗೆ ದಾನ್ ದರ್ಜೆ ಕೊಡತೊಡಗಿದರು. 1922ರಲ್ಲಿ ಒಕಿನಾವಾದಿಂದ ಟೋಕಿಯೋಗೆ ಬಂದು ಕರಾಟೆ ಕಲಿಸಲು ನಿಂತ ಗಿಚಿನ್ ಫುನಾಕೋಶಿ ಅದೇ ಪದ್ಧತಿಯನ್ನು ಅನುಸರಿಸಿ 1924ರಲ್ಲಿ ಕೆಲವು ಶಿಷ್ಯರಿಗೆ ಮೊದಲ ದಾನ್ ನೀಡಿದರು. ಹಳದಿ, ಹಸಿರು, ನೀಲಿ ಮುಂತಾದ ಬಣ್ಣಗಳು ಕರಾಟೆಗೆ ಸೇರಿದ್ದು ಅದಾದ ಮೇಲೆ. ಇಂದಿಗೂ ಬಣ್ಣಗಳ ಸಾಲು ಒಂದೊಂದು ಸಂಸ್ಥೆಯಲ್ಲಿ ಒಂದೊಂದು ಬಗೆಯಾಗಿರುವುದರಿಂದ, "ನಾನು ಹಳದಿ ಬೆಲ್ಟಿಗೆ ಪರೀಕ್ಷೆ ಬರೆಯುತ್ತಿದ್ದೇನೆ" ಎಂದಷ್ಟೇ ತಿಳಿದಿದ್ದರೆ ಸಾಲದು. ಎಷ್ಟನೇ ಕ್ಯುವಿನ ಪರೀಕ್ಷೆ, ಅದಕ್ಕೆ ಯಾವ ಕಿಹೋನ್ (ಮೂಲ ಪಟ್ಟುಗಳು), ಯಾವ ಕಟಾ, ಯಾವ ಬಗೆಯ ಕುಮಿಟೆ (ಜೋಡಿಯಾಗಿ ಮಾಡುವ ಕಾದಾಟದ ಅಭ್ಯಾಸ) ಎಂಬುದನ್ನು ನಿಮ್ಮ ಸೆನ್ಸೈ (ಗುರು) ಅವರಿಂದ ಕೇಳಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಪರೀಕ್ಷಾ ಶುಲ್ಕದಲ್ಲಿ ಹೊಸ ಬೆಲ್ಟ್, ಪ್ರಮಾಣಪತ್ರ ಎರಡೂ ಸೇರಿವೆಯೇ ಎಂಬುದನ್ನೂ ಆಗಲೇ ಕೇಳಿಬಿಡುವುದು ಒಳ್ಳೆಯದು.

ಪರೀಕ್ಷೆಗೆ ಹೆಸರು ಕೊಡುವ ತೀರ್ಮಾನವನ್ನು ಸೆನ್ಸೈಗೆ ಬಿಡಬೇಕು. "ಈ ಸಲ ಬೇಡ, ಮುಂದಿನ ಸಲ ನೋಡೋಣ" ಎಂದು ಅವರು ಹೇಳಿದರೆ ಅದು ಅವಮಾನವಲ್ಲ. ಶಿಷ್ಯನ ನಿಲುವನ್ನು ದಿನವೂ ನೋಡುತ್ತಿರುವವರು ಕೊಡುವ ಅತ್ಯಂತ ಪ್ರಾಮಾಣಿಕ ಸಲಹೆ. ಒಂದು ಹಂತಕ್ಕೆ ಮೂರೇ ತಿಂಗಳು ಎಂದಿಟ್ಟುಕೊಂಡರೂ ಹತ್ತು ಕ್ಯುಗಳನ್ನು ದಾಟಲು ಎರಡೂವರೆ ವರ್ಷ ಹಿಡಿಯುತ್ತದೆ, ಕಂದು ಬೆಲ್ಟಿನ ಹಂತಗಳಲ್ಲಿ ಅಂತರ ಇನ್ನಷ್ಟು ಹೆಚ್ಚಬೇಕು. ಒಂದೇ ವರ್ಷದಲ್ಲಿ ಕಪ್ಪು ಬೆಲ್ಟ್ ಕೊಡಿಸುತ್ತೇವೆಂದು ಮೊದಲೇ ಮಾತು ಕೊಡುವ ಕಡೆಗೆ ಮಕ್ಕಳನ್ನು ಸೇರಿಸುವ ಮುನ್ನ ತಂದೆತಾಯಿಯರು ಈ ಲೆಕ್ಕವನ್ನು ಹಾಕಿ ನೋಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಇನ್ನು, ಸರ್ಕಾರಿ ಶಾಲೆಗಳಲ್ಲಿ ನಡೆಯುವ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿಯಲ್ಲಿ ಕರಾಟೆಯ ಮೊದಲ ಪಾಠ ಕಲಿತ ಹುಡುಗಿಯರು ಮುಂದೆ ಬೆಲ್ಟ್ ಪರೀಕ್ಷೆಗೆ ಬರಲು ಹಿಂಜರಿಯಬೇಕಾಗಿಲ್ಲ. ಅಲ್ಲಿ ಕಲಿತ ಗುದ್ದು, ಒದೆ, ತಡೆಗಳೇ ಇಲ್ಲಿಯೂ ಬುನಾದಿ. ನಿಲುವು ಮತ್ತು ಕಟಾಗಳನ್ನು ಮಾತ್ರ ಕ್ರಮವಾಗಿ ಕೂಡಿಸಿಕೊಳ್ಳಬೇಕಾಗುತ್ತದೆ.

ಕಿಹೋನ್

ಪರೀಕ್ಷೆ ಸಾಮಾನ್ಯವಾಗಿ ಕಿಹೋನ್‌ನಿಂದ, ಅಂದರೆ ಮೂಲ ಪಟ್ಟುಗಳಿಂದ ಶುರುವಾಗುತ್ತದೆ. ನಾಲ್ಕೈದು ಜನರನ್ನು ಸಾಲಾಗಿ ನಿಲ್ಲಿಸಿ, ಎಣಿಕೆಗೆ ಸರಿಯಾಗಿ ಮುಂದಕ್ಕೆ ಕೆಲವು ಹೆಜ್ಜೆ, ಹಿಂದಕ್ಕೆ ಕೆಲವು ಹೆಜ್ಜೆ ಹಾಕಿಸುತ್ತಾರೆ. ಓಯ್-ಜುಕಿ (ಹೆಜ್ಜೆಯೊಡನೆ ಹೊಡೆಯುವ ಗುದ್ದು), ಅಗೆ-ಉಕೆ (ಮೇಲ್ಮುಖ ತಡೆ), ಸೋತೊ-ಉಕೆ (ಹೊರಗಿನಿಂದ ಒಳಕ್ಕೆ ತರುವ ತಡೆ), ಗೆದಾನ್-ಬರಾಯ್ (ಕೆಳಮುಖ ತಡೆ), ಮಾಯೆ-ಗೇರಿ (ಮುಂದಕ್ಕೆ ಒದೆ) ಇವು ಮೊದಲ ಹಂತಗಳಲ್ಲಿ ಬರುವಂಥವು. ಇವುಗಳಲ್ಲಿ ಬಹುಪಾಲು ಜೆಂಕುತ್ಸು-ದಾಚಿ ಎಂಬ ಮುಂಭಾರದ ನಿಲುವಿನಲ್ಲೇ ನಡೆಯುವುದರಿಂದ, ಆ ನಿಲುವು ಕೈಗೂಡದೆ ಉಳಿದದ್ದನ್ನು ಅಭ್ಯಾಸ ಮಾಡಿ ಪ್ರಯೋಜನವಿಲ್ಲ. ಮುಂದಿನ ಮೊಣಕಾಲು ಪಾದದ ಮೇಲೆ ಬರುವಷ್ಟು ಬಾಗಿರಬೇಕು, ಹಿಂದಿನ ಕಾಲು ನೆಟ್ಟಗಿರಬೇಕು, ಅದರ ಹಿಮ್ಮಡಿ ನೆಲ ಬಿಡಬಾರದು, ಮೈಭಾರದಲ್ಲಿ ಸುಮಾರು ಶೇಕಡ 60ರಷ್ಟು ಮುಂದಿನ ಕಾಲಿನ ಮೇಲಿರಬೇಕು. ಇವೆಲ್ಲಕ್ಕಿಂತ ಹೆಚ್ಚಾಗಿ ತಪ್ಪಿಹೋಗುವುದು ಅಗಲ. ಎರಡು ಪಾದಗಳ ನಡುವೆ ಅಡ್ಡಕ್ಕೆ ಭುಜದಷ್ಟು ಅಗಲ ಉಳಿಯಬೇಕು. ಹೆಜ್ಜೆ ಹಾಕುತ್ತ ಹೋದಂತೆ ಪಾದಗಳು ಒಂದರ ಹಿಂದೆ ಒಂದು ಒಂದೇ ಗೆರೆಗೆ ಬಂದುಬಿಡುತ್ತವೆ, ಆಗ ಪಕ್ಕದಿಂದ ಮೆಲ್ಲಗೆ ತಳ್ಳಿದರೂ ದೇಹ ವಾಲುತ್ತದೆ.

ಇದನ್ನು ಸರಿಪಡಿಸಲು ಮನೆಯ ತಾರಸಿಯೇ ಸಾಕು. ಸೀಮೆಸುಣ್ಣದಿಂದ ನಿಮ್ಮ ಭುಜದಗಲದ ಅಂತರದಲ್ಲಿ ಎರಡು ಉದ್ದ ಗೆರೆಗಳನ್ನು ಎಳೆಯಿರಿ. ಎಡಪಾದ ಎಡಗೆರೆಯ ಮೇಲೆ, ಬಲಪಾದ ಬಲಗೆರೆಯ ಮೇಲೆಯೇ ಬೀಳುವಂತೆ, ಕೈಗಳನ್ನು ಸೊಂಟದ ಮೇಲಿಟ್ಟುಕೊಂಡು ಕಾಲುಗಳಿಂದ ಮಾತ್ರ ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ ಸಾಗಿರಿ. ಮುಂದೆ ಬರುವ ಪಾದ ನೆಲಕ್ಕೆ ತಾಗಿಯೂ ತಾಗದಂತೆ ಜಾರುತ್ತ, ನಿಂತ ಪಾದದ ಪಕ್ಕಕ್ಕೆ ಒಳಬಾಗಿ ಬಂದು, ಅಲ್ಲಿಂದ ಮತ್ತೆ ಹೊರಬಾಗಿ ತನ್ನ ಗೆರೆಯನ್ನು ಮುಟ್ಟಬೇಕು. ಇದು ಸರಾಗವಾದ ಮೇಲೆ ಗುದ್ದನ್ನು ಸೇರಿಸಿ. ಓಯ್-ಜುಕಿಯಲ್ಲಿ ಮುಷ್ಟಿ ಹೆಜ್ಜೆಯ ಜೊತೆಗೇ ಹೊರಡಬಾರದು. ಪಾದಗಳು ಪರಸ್ಪರ ದಾಟುವವರೆಗೆ ಅದು ಸೊಂಟದಲ್ಲೇ ಇದ್ದು, ಪಾದ ನೆಲಕ್ಕೆ ಊರುವ ಕ್ಷಣದಲ್ಲೇ ಗುರಿ ತಲುಪಬೇಕು. ಅದೇ ಹೊತ್ತಿಗೆ ಇನ್ನೊಂದು ಕೈ ಅಷ್ಟೇ ರಭಸದಿಂದ ಹಿಂದೆ ಬಂದು, ಅಂಗೈ ಮೇಲಾಗಿ ಸೊಂಟಕ್ಕೆ ಸೇರಬೇಕು. ಹಿಕಿತೆ ಎನ್ನುವ ಈ ಹಿಂದೆಳೆತ ಸಡಿಲವಾಗಿದ್ದರೆ ಮುಂದಿನ ಗುದ್ದಿನಲ್ಲಿ ಸೊಂಟದ ಬಲ ಇಲ್ಲವೆಂದು ಪರೀಕ್ಷಕರಿಗೆ ದೂರದಿಂದಲೇ ತಿಳಿಯುತ್ತದೆ.

ತಲೆಯ ಎತ್ತರ ಇನ್ನೊಂದು ವಿಷಯ. ಹೆಜ್ಜೆಯ ನಡುವೆ ಮೊಣಕಾಲು ನೇರವಾದರೆ ತಲೆ ಎದ್ದು ಮತ್ತೆ ಕುಸಿಯುತ್ತದೆ. ಸಂಜೆ ದೀಪ ಹಾಕಿದ ಮೇಲೆ ಕಿಟಕಿಯ ಗಾಜಿನಲ್ಲಿ ನಿಮ್ಮ ಪ್ರತಿಬಿಂಬ ಕಾಣುವಂತೆ ನಿಂತು, ಕಿಟಕಿಯ ಅಡ್ಡ ಸರಳು ಹಣೆಯ ನೇರಕ್ಕೆ ಬರುವಂತೆ ನೋಡಿಕೊಂಡು ಅದರ ಮುಂದೆ ಅಡ್ಡಡ್ಡಲಾಗಿ ಹೆಜ್ಜೆ ಹಾಕಿದರೆ, ತಲೆ ಎಷ್ಟು ಏರಿಳಿಯುತ್ತಿದೆ ಎಂಬುದು ನಿಮಗೇ ಕಾಣುತ್ತದೆ. ಮಾಯೆ-ಗೇರಿಯಲ್ಲಿ ಮಕ್ಕಳು ಒದ್ದ ಕಾಲನ್ನು ಹಾಗೆಯೇ ನೆಲಕ್ಕೆ ಬೀಳಿಸುತ್ತಾರೆ. ಮೊಣಕಾಲು ಎತ್ತುವುದು, ಚಾಚುವುದು, ಮಡಚುವುದು, ಇಳಿಸುವುದು ಎಂಬ ನಾಲ್ಕನ್ನೂ ಗೋಡೆ ಹಿಡಿದು ನಿಧಾನವಾಗಿ ಬೇರೆ ಬೇರೆ ಮಾಡಿಸಿದರೆ ಕೆಲವೇ ದಿನಗಳಲ್ಲಿ ಅದು ಸರಿಹೋಗುತ್ತದೆ.

ಹೇಯಾನ್ ಶೋದಾನ್

ಶೋಟೋಕಾನ್‌ನ ಐದು ಹೇಯಾನ್ ಕಟಾಗಳಲ್ಲಿ ಮೊದಲನೆಯದಾದ ಹೇಯಾನ್ ಶೋದಾನ್‌ನಲ್ಲಿ 21 ಚಲನೆಗಳಿವೆ. ಒಕಿನಾವಾದ ಆಂಕೊ ಇತೊಸು ಪಿನಾನ್ ಎಂಬ ಹೆಸರಿನಲ್ಲಿ ಶಾಲಾ ಮಕ್ಕಳಿಗಾಗಿ ರೂಪಿಸಿದ ಕಟಾಗಳನ್ನು ಫುನಾಕೋಶಿ ಹೇಯಾನ್ ಎಂದು ಕರೆದರು. ಹೆಜ್ಜೆಗಳ ಜಾಡು ನೆಲದ ಮೇಲೆ ಇಂಗ್ಲಿಷಿನ ದೊಡ್ಡ ಐ ಅಕ್ಷರದಂತೆ ಮೂಡುತ್ತದೆ: ಶುರುವಿನಲ್ಲಿ ಎಡಕ್ಕೂ ಬಲಕ್ಕೂ ಒಂದು ಅಡ್ಡಗೆರೆ, ನಡುವೆ ಉದ್ದಗೆರೆ, ಆ ತುದಿಯಲ್ಲಿ ಇನ್ನೊಂದು ಅಡ್ಡಗೆರೆ, ಮತ್ತೆ ಉದ್ದಗೆರೆಯಲ್ಲೇ ಹಿಂದಿರುಗಿ ಮೊದಲ ಅಡ್ಡಗೆರೆಯಲ್ಲಿ ಮುಕ್ತಾಯ. ಎಲ್ಲಿ ನಿಂತು ಆರಂಭಿಸಿದಿರೋ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲಬೇಕು. ಅಭ್ಯಾಸ ಮಾಡುವಾಗ ಆರಂಭದ ಜಾಗದಲ್ಲಿ ಒಂದು ಗುರುತು ಹಾಕಿಕೊಳ್ಳಿ. ಕೊನೆಯಲ್ಲಿ ಗುರುತು ಒಂದು ಮಾರು ದೂರ ಉಳಿದಿದ್ದರೆ ಹೋಗುವಾಗಿನ ಮೂರು ಹೆಜ್ಜೆಗೂ ಬರುವಾಗಿನ ಮೂರು ಹೆಜ್ಜೆಗೂ ಉದ್ದದಲ್ಲಿ ವ್ಯತ್ಯಾಸವಾಗಿದೆ ಎಂದರ್ಥ.

ಈ ಕಟಾದಲ್ಲಿ ಮಕ್ಕಳೂ ದೊಡ್ಡವರೂ ಎಡವುವ ಜಾಗಗಳು ಮೂರು. ಮೊದಲನೆಯದು ನಾಲ್ಕನೇ ಚಲನೆ. ಬಲಕ್ಕೆ ತಿರುಗಿ ಗೆದಾನ್-ಬರಾಯ್ ಮಾಡಿದ ಮೇಲೆ ಮುಂದಿನ ಬಲಗಾಲನ್ನು ಅರ್ಧದಷ್ಟು ಹಿಂದಕ್ಕೆ ಸೆಳೆದು, ಆ ಕೈಯನ್ನು ತಲೆಯ ಬಳಿಯಿಂದ ಸುತ್ತಿಸಿ, ಮುಷ್ಟಿಯ ಬುಡದಿಂದ ಸುತ್ತಿಗೆಯಂತೆ ಇಳಿಸುತ್ತ ಕಾಲನ್ನು ಮತ್ತೆ ಮುಂದಿಡಬೇಕು. ಹಿಡಿದ ಕೈಯನ್ನು ಬಿಡಿಸಿಕೊಳ್ಳುವ ಚಲನೆಯಿದು. ಕಾಲನ್ನು ಸೆಳೆಯದೆ ಕೈಯನ್ನಷ್ಟೇ ತಿರುಗಿಸಿದರೆ ಆ ಅರ್ಥವೇ ಹೊರಟುಹೋಗುತ್ತದೆ. ಎರಡನೆಯದು ಒಂಬತ್ತನೇ ಚಲನೆಯಾದ ಮೂರನೇ ಅಗೆ-ಉಕೆಯ ನಂತರದ ತಿರುವು. ಅಲ್ಲಿ ಕಿಯಾಯ್ (ಬಲದೊಡನೆ ಹೊರಡಿಸುವ ಕೂಗು) ಕೂಗಿದ ಹುರುಪಿನಲ್ಲಿ ಹಲವರು ಹತ್ತಿರದ ಎಡಕ್ಕೆ ತಿರುಗಿಬಿಡುತ್ತಾರೆ. ಬಲಗಾಲಿನ ಮೇಲೆ ನಿಂತು, ಎಡಗಾಲನ್ನು ಬೆನ್ನ ಹಿಂದಿನಿಂದ ಸುತ್ತಿಸಿ, 270 ಡಿಗ್ರಿ ತಿರುಗಿ, ಆರಂಭದಲ್ಲಿ ನಿಮ್ಮ ಬಲಗಡೆಯಿದ್ದ ಗೋಡೆಗೆ ಮುಖ ಮಾಡಬೇಕು. ತಿರುಗುವ ಮುನ್ನ ನೋಟ ಮೊದಲು ಹೋಗಲಿ, ಕಾಲು ಅದರ ಹಿಂದೆ ಬರಲಿ. ಈ ಒಂದು ಅಭ್ಯಾಸದಿಂದಲೇ ತಿರುವುಗಳ ಅರ್ಧ ತೊಂದರೆ ನೀಗುತ್ತದೆ. ಹದಿನೇಳನೇ ಚಲನೆಯಲ್ಲಿ, ಅಂದರೆ ಹಿಂದಿರುಗುವಾಗಿನ ಮೂರನೇ ಗುದ್ದಿನಲ್ಲಿ, ಎರಡನೇ ಕಿಯಾಯ್ ಇದೆ. ಅದರ ನಂತರವೂ ಇಂಥದ್ದೇ ತಿರುವು ಬರುತ್ತದೆ.

ಮೂರನೆಯದು ಕೊನೆಯ ನಾಲ್ಕು ಶುತೊ-ಉಕೆಗಳು, ಅಂದರೆ ತೆರೆದ ಅಂಗೈಯ ಅಂಚಿನಿಂದ ಮಾಡುವ ತಡೆಗಳು. ಅಲ್ಲಿಯವರೆಗೆ ಮುಂಭಾರದಲ್ಲಿ ನಡೆದ ದೇಹ ಒಮ್ಮೆಗೇ ಕೋಕುತ್ಸು-ದಾಚಿಗೆ, ಅಂದರೆ ಸುಮಾರು ಶೇಕಡ 70ರಷ್ಟು ಭಾರ ಹಿಂಗಾಲಿನ ಮೇಲಿರುವ ನಿಲುವಿಗೆ ಬದಲಾಗಬೇಕು. ತೊಡೆ ಸೋತಿರುವ ಹೊತ್ತಿನಲ್ಲಿ ಇದು ಬರುವುದರಿಂದ ಅನೇಕರು ನಡುವೆಲ್ಲೋ ನಿಂತುಬಿಡುತ್ತಾರೆ, ಪೃಷ್ಠ ಹಿಂದಕ್ಕೆ ಚಾಚಿಕೊಳ್ಳುತ್ತದೆ. ಈ ನಾಲ್ಕನ್ನು ಕಟಾದಿಂದ ಬಿಡಿಸಿಕೊಂಡು ಬೇರೆಯಾಗಿ, ಪ್ರತಿಯೊಂದರಲ್ಲೂ ಐದು ಉಸಿರಿನಷ್ಟು ಕಾಲ ನಿಂತು ಅಭ್ಯಾಸ ಮಾಡಿ. ಪರೀಕ್ಷಕರ ಮನಸ್ಸಿನಲ್ಲಿ ಉಳಿಯುವುದು ಕೊನೆಯದಾಗಿ ಕಂಡ ನಿಲುವು ಎಂಬುದು ನೆನಪಿರಲಿ.

ಕಟಾ ಶುರುಮಾಡುವ ಮೊದಲು ಅದರ ಹೆಸರನ್ನು ಸ್ಪಷ್ಟವಾಗಿ, ಸಭೆಗೆಲ್ಲ ಕೇಳುವಂತೆ ಹೇಳಬೇಕು. ಮುಗಿದ ಮೇಲೆ "ಯಾಮೆ" ಎಂಬ ಆಜ್ಞೆ ಬರುವವರೆಗೆ ಕದಲದೆ, ಎದುರಿನಲ್ಲಿ ಯಾರೋ ಇದ್ದಾರೆಂಬಂತೆ ದೃಷ್ಟಿ ನೆಟ್ಟು ನಿಲ್ಲಬೇಕು. ನಡುವೆ ಮರೆತುಹೋದರೆ ನಗುವುದು, ನಾಲಿಗೆ ಕಚ್ಚಿಕೊಳ್ಳುವುದು, ಪಕ್ಕದವರನ್ನು ನೋಡುವುದು ಬೇಡ. ಇರುವ ನಿಲುವಿನಲ್ಲೇ ಒಂದು ಉಸಿರು ತೆಗೆದುಕೊಂಡು, ನೆನಪಿಗೆ ಬಂದ ಮುಂದಿನ ಚಲನೆಗೆ ಪೂರ್ಣ ಬಲದಿಂದ ಹೋಗಿ. ಏನೂ ತೋಚದಿದ್ದರೆ ಕೈಯೆತ್ತಿ, ಮತ್ತೊಮ್ಮೆ ಮೊದಲಿನಿಂದ ಮಾಡಲು ಅನುಮತಿ ಕೇಳಬಹುದು. ಕೆಳಗಿನ ಹಂತಗಳಲ್ಲಿ ಬಹುಮಟ್ಟಿಗೆ ಅನುಮತಿ ಸಿಗುತ್ತದೆ.

ಜೋಡಿಯಾಗಿ ನಿಂತಾಗ

ಮೊದಲ ಹಂತಗಳಲ್ಲಿ ಕುಮಿಟೆ ಎಂದರೆ ಬಿಡುಸಾಮು (ಮುಕ್ತ ಕಾದಾಟ) ಅಲ್ಲ, ಮೊದಲೇ ನಿಶ್ಚಯವಾದ ಗೋಹೋನ್ ಕುಮಿಟೆ. ಆಕ್ರಮಿಸುವವರು ಬಲಗಾಲು ಹಿಂದಿಟ್ಟು ಗೆದಾನ್-ಬರಾಯ್‌ನಲ್ಲಿ ನಿಂತು, ಮುಖಕ್ಕೆ ಗುರಿಯಾದರೆ "ಜೋದಾನ್", ಎದೆಹೊಟ್ಟೆಯ ನಡುಭಾಗವಾದರೆ "ಚೂದಾನ್" ಎಂದು ಮುಂಚಿತವಾಗಿ ಹೇಳಿ, ಐದು ಹೆಜ್ಜೆ ಮುಂದೆ ಬರುತ್ತ ಐದು ಗುದ್ದು ಹೊಡೆಯುತ್ತಾರೆ. ತಡೆಯುವವರು ಬಲಗಾಲಿನಿಂದ ಆರಂಭಿಸಿ ಐದು ಹೆಜ್ಜೆ ಹಿಂದೆ ಸರಿಯುತ್ತ ಎಡಗೈ, ಬಲಗೈ ಎಂದು ಸರದಿಯಂತೆ ತಡೆದು, ಐದನೆಯದರ ಬೆನ್ನಿಗೇ ಬಲಗೈಯಿಂದ ಗ್ಯಾಕು-ಜುಕಿ (ಮುಂದಿನ ಕಾಲಿಗೆ ವಿರುದ್ಧ ಕೈಯ ಗುದ್ದು) ಕೊಟ್ಟು ಕಿಯಾಯ್ ಕೂಗುತ್ತಾರೆ.

ಇಲ್ಲಿ ಒಳ್ಳೆಯ ಮನಸ್ಸಿನವರೇ ಹೆಚ್ಚಾಗಿ ಮಾಡುವ ತಪ್ಪೊಂದಿದೆ: ಗೆಳೆಯನಿಗೆ ತಾಗೀತೆಂದು ಗುದ್ದನ್ನು ಕಿವಿಯ ಪಕ್ಕಕ್ಕೆ ಹೊಡೆಯುವುದು. ಹಾಗೆ ಮಾಡಿದರೆ ತಡೆಯುವವರು ಏನನ್ನೂ ತಡೆದಂತಾಗುವುದಿಲ್ಲ, ಇಬ್ಬರ ಅಂಕಗಳೂ ಹೋಗುತ್ತವೆ. ಗುದ್ದು ನೇರ ಗುರಿಗೇ ಹೋಗಬೇಕು, ಚರ್ಮಕ್ಕೆ ಸ್ವಲ್ಪ ಮೊದಲು ನಿಲ್ಲಬೇಕು. ಆ ನಿಯಂತ್ರಣವನ್ನೇ ಪರೀಕ್ಷಕರು ಅಳೆಯುತ್ತಾರೆ. ತಡೆಯುವವರು ಗಾಬರಿಯಿಂದ ದೊಡ್ಡ ಹೆಜ್ಜೆ ಹಿಂದಿಟ್ಟರೆ ಕೊನೆಯ ಗ್ಯಾಕು-ಜುಕಿ ಎದುರಾಳಿಯವರೆಗೆ ತಲುಪುವುದೇ ಇಲ್ಲ. ಎದುರಿನವರ ಹೆಜ್ಜೆಯಷ್ಟೇ ಉದ್ದದ ಹೆಜ್ಜೆ ಸಾಕು. ನಿಮ್ಮ ಎತ್ತರದವರ ಜೊತೆಗೆ ಮಾತ್ರ ಅಭ್ಯಾಸ ಮಾಡಿಕೊಂಡು ಹೋಗಬೇಡಿ, ಏಕೆಂದರೆ ಪರೀಕ್ಷೆಯಲ್ಲಿ ಜೋಡಿಯನ್ನು ಆರಿಸುವವರು ನೀವಲ್ಲ. ಬಾಗಿ ವಂದಿಸುವುದರಿಂದ ಹಿಡಿದು ಮತ್ತೆ ವಂದಿಸಿ ಹಿಂದೆ ಸರಿಯುವವರೆಗೆ ಎದುರಿನವರ ಮೇಲಿಂದ ಕಣ್ಣು ತೆಗೆಯಬಾರದು. ಮೇಲಿನ ಬೆಲ್ಟುಗಳಲ್ಲಿ ಒಂದೇ ಹೆಜ್ಜೆಯ ಇಪ್ಪೋನ್ ಕುಮಿಟೆ, ಆಮೇಲೆ ಬಿಡುಸಾಮಿನ ಕುಮಿಟೆ ಬರುತ್ತವೆ. ಅವಕ್ಕೆ ಕೈಗವಸು, ಹಲ್ಲುಗವಸುಗಳನ್ನು ನಿಮ್ಮ ಅಳತೆಗೆ ಸರಿಯಾಗಿ ಮೊದಲೇ ಹೊಂದಿಸಿಕೊಳ್ಳಬೇಕು.

ಹಿಂದಿನ ವಾರ

ಕೊನೆಯ ವಾರದಲ್ಲಿ ಹೊಸದೇನನ್ನೂ ಕಲಿಯಬಾರದು, ಕಲಿಸಲೂಬಾರದು. ದಿನಕ್ಕೊಮ್ಮೆ ಪರೀಕ್ಷೆಯ ಕ್ರಮದಲ್ಲೇ ಎಲ್ಲವನ್ನೂ ಮಾಡಿ, ಮನೆಯವರಲ್ಲಿ ಯಾರಾದರೂ ಎದುರಿಗೆ ಕುಳಿತು ಸುಮ್ಮನೆ ನೋಡಲಿ. ನೋಡುವ ಕಣ್ಣುಗಳ ಮುಂದೆ ಮಾಡುವ ರೂಢಿಯೇ ಹೆದರಿಕೆಗೆ ಮದ್ದು. ಜಪಾನಿ ಎಣಿಕೆ ಇಚಿಯಿಂದ ಜೂವರೆಗೆ, ನೀವು ಮಾಡುವ ಪ್ರತಿಯೊಂದು ಪಟ್ಟಿನ ಹೆಸರು, ತರಬೇತಿ ಶಾಲೆಯ ನೀತಿವಾಕ್ಯಗಳಾದ ದೋಜೊ ಕುನ್‌ನ ಐದು ವಾಕ್ಯಗಳು ಇವುಗಳನ್ನು ಕೆಲವು ಪರೀಕ್ಷಕರು ಬಾಯಿಮಾತಿನಲ್ಲಿ ಕೇಳುತ್ತಾರೆ.

ಸಮವಸ್ತ್ರದ ಬಗ್ಗೆ ಮಳೆಗಾಲದಲ್ಲಿ ವಿಶೇಷ ಎಚ್ಚರ ಬೇಕು. ಮಲೆನಾಡು, ಕರಾವಳಿಗಳಲ್ಲಿ ಜೂನ್, ಜುಲೈ ತಿಂಗಳಿನಲ್ಲಿ ಆ ದಪ್ಪ ಹತ್ತಿ ಬಟ್ಟೆ ಒಂದೇ ದಿನಕ್ಕೆ ಒಣಗುವುದಿಲ್ಲವಾದ್ದರಿಂದ ಮೂರು ದಿನ ಮುಂಚೆಯೇ ಒಗೆದು ಇಸ್ತ್ರಿ ಮಾಡಿಡಿ. ಹೊಸದಾಗಿ ಕೊಂಡದ್ದಾದರೆ ಒಮ್ಮೆ ಒಗೆದು, ಕುಗ್ಗಿದ ಮೇಲೆ ಅಳತೆ ನೋಡಿ. ತೋಳು ಬೆರಳುಗಳನ್ನು ಮುಚ್ಚುವಂತಿದ್ದರೆ ಹೊಲಿಸಿಬಿಡಿ. ಬೆಲ್ಟ್ ಕಟ್ಟಿದ ಮೇಲೆ ಎರಡೂ ತುದಿಗಳು ಸಮನಾಗಿ ಇಳಿಬಿದ್ದಿರಬೇಕು. ಕೈಕಾಲುಗಳ ಉಗುರು ಕತ್ತರಿಸಿರಬೇಕು. ಕಿವಿಯೋಲೆ, ಬಳೆ, ಕಾಲ್ಗೆಜ್ಜೆ, ಕಾಲುಂಗುರ, ಕೈಗಡಿಯಾರಗಳನ್ನು ಮನೆಯಲ್ಲೇ ತೆಗೆದಿಟ್ಟು ಬರುವುದು ಉತ್ತಮ, ತೆಗೆಯಲಾಗದ್ದಕ್ಕೆ ಟೇಪ್ ಸುತ್ತಿ. ಮೊಣಕಾಲು ನೋವು, ಉಬ್ಬಸ, ಹಳೆಯ ಪೆಟ್ಟು ಏನಿದ್ದರೂ ಸೆನ್ಸೈಗೆ ಮೊದಲೇ ತಿಳಿಸಲೇಬೇಕು. ಉಬ್ಬಸವಿರುವವರು ಇನ್‌ಹೇಲರ್ ಅನ್ನು ಚೀಲದ ತಳದಲ್ಲಿಡದೆ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕು.

ಆ ದಿನ

ಪರೀಕ್ಷೆಗೆ ಎರಡು ಗಂಟೆ ಮುಂಚೆ ಇಡ್ಲಿ, ಬಾಳೆಹಣ್ಣಿನಂಥ ಹಗುರವಾದದ್ದನ್ನು ತಿಂದು, ನೀರನ್ನು ಆಗಾಗ ಸ್ವಲ್ಪಸ್ವಲ್ಪ ಕುಡಿಯುತ್ತಿರಿ. ನಮ್ಮಲ್ಲಿ ಪರೀಕ್ಷೆಗಳು ಶಾಲೆಯ ಸಭಾಂಗಣದಲ್ಲೋ ಕಲ್ಯಾಣ ಮಂಟಪದಲ್ಲೋ ನಡೆಯುವುದೇ ಹೆಚ್ಚು. ನುಣುಪಾದ ಗ್ರಾನೈಟ್ ನೆಲದ ಮೇಲೆ ಧೂಳು ಕೂತಿದ್ದರೆ ಹಿಂದಿನ ಕಾಲು ಜಾರಿ ನಿಲುವು ಅಗಲವಾಗಿಬಿಡುತ್ತದೆ. ಒದ್ದೆ ಮಾಡಿದ ಒಂದು ಸಣ್ಣ ಟವೆಲ್ ಜೊತೆಗಿರಲಿ. ನಿಮ್ಮ ಸರದಿಗೆ ಮುನ್ನ ಅಂಗಾಲು ಒರೆಸಿಕೊಂಡರೆ ಹಿಡಿತ ಬರುತ್ತದೆ. ಬೇಗ ಹೋಗಿ ಆ ನೆಲದ ಮೇಲೆ ಎರಡು ತಿರುವುಗಳನ್ನಾದರೂ ಮಾಡಿ ನೋಡಿ.

ಬಿಳಿ ಬೆಲ್ಟಿನವರು ನೂರಾರು ಜನರಿದ್ದಾಗ ಕಾಯುವುದೇ ದೊಡ್ಡ ಪರೀಕ್ಷೆಯಾಗುತ್ತದೆ. ಬೆವರು ಆರಿ ಮೈ ತಣ್ಣಗಾದ ಮೇಲೆ ಒಮ್ಮೆಗೇ ಒದೆಯಲು ಹೋದರೆ ತೊಡೆಯ ಹಿಂಭಾಗ ಹಿಡಿದುಕೊಳ್ಳಬಹುದು. ಆದ್ದರಿಂದ ನಿಮಗಿಂತ ಮುಂಚಿನ ಎರಡು ತಂಡಗಳು ಉಳಿದಿರುವಾಗಲೇ ಒಂದು ಬದಿಗೆ ಎದ್ದು ನಿಂತು ಮೈ ಬಿಸಿ ಮಾಡಿಕೊಳ್ಳಿ. ಹೆಸರು ಕರೆದಾಗ ಗಟ್ಟಿಯಾಗಿ ಓಗೊಟ್ಟು, ಓಡಿಹೋಗಿ ಜಾಗದಲ್ಲಿ ನಿಂತು, ಬಾಗಿ ವಂದಿಸಿ. "ಯೋಯ್" ಎಂದರೆ ಸಿದ್ಧರಾಗಿ, "ಹಾಜಿಮೆ" ಎಂದರೆ ಆರಂಭಿಸಿ, "ಮವಾತ್ತೆ" ಎಂದರೆ ತಿರುಗಿ, "ಯಾಮೆ" ಎಂದರೆ ನಿಲ್ಲಿಸಿ. ಎಣಿಕೆ ಬರುವ ಮುನ್ನವೇ ಹೊರಡುವವರು ಹೆದರಿದ್ದಾರೆಂದು ಎಲ್ಲರಿಗೂ ತಿಳಿಯುತ್ತದೆ. ಎಣಿಕೆ ಕೇಳಿದ ಮೇಲೆ ಹೊರಡಿ. ನಿಮ್ಮ ಸರದಿ ಮುಗಿದ ಮೇಲೂ ಹಾಗೆಯೇ ನೆಟ್ಟಗೆ ಕುಳಿತಿರಿ, ಪರೀಕ್ಷಕರು ಸಾಲಿನಲ್ಲಿ ಕುಳಿತವರನ್ನೂ ಗಮನಿಸುತ್ತಿರುತ್ತಾರೆ.

ತಂದೆತಾಯಿಯರಲ್ಲಿ ಒಂದು ವಿನಂತಿ. ಮಗು ಮರೆತಾಗ ಪ್ರೇಕ್ಷಕರ ಸಾಲಿನಿಂದ "ಎಡಕ್ಕೆ, ಎಡಕ್ಕೆ" ಎಂದು ಕೂಗಬೇಡಿ. ನಿಮ್ಮ ಧ್ವನಿ ಕೇಳಿದ ಕೂಡಲೇ ಮಗುವಿನ ನೋಟ ನಿಮ್ಮ ಕಡೆ ತಿರುಗುತ್ತದೆ, ಆ ಕ್ಷಣದಲ್ಲಿ ಉಳಿದ ಕಟಾವೂ ಕೈಬಿಟ್ಟುಹೋಗುತ್ತದೆ. ಫೋಟೊಗಳಿಗೆ ಅನುಮತಿಯಿದ್ದರೂ ಫ್ಲ್ಯಾಷ್ ಬೇಡ.

ಫಲಿತಾಂಶ ಬಂದ ಮೇಲೆ

ಫಲಿತಾಂಶ ಅಂದೇ ಬರಬಹುದು, ಕೆಲವು ದಿನ ಬಿಟ್ಟೂ ಬರಬಹುದು. ತೇರ್ಗಡೆಯಾಗದಿದ್ದರೆ ಯಾವ ಭಾಗದಲ್ಲಿ ಕೊರತೆಯಾಯಿತೆಂದು ಸೆನ್ಸೈ ಅವರನ್ನು ಅದೇ ವಾರದಲ್ಲಿ ಕೇಳಿ, ಪರೀಕ್ಷಕರು ಬರೆದ ಟಿಪ್ಪಣಿಯಿದ್ದರೆ ಅದನ್ನು ನಕಲು ಮಾಡಿಕೊಳ್ಳಿ. ಬಹಳ ಸಲ ಅದು ನಿಲುವಿನ ಬಗ್ಗೆಯೇ ಇರುತ್ತದೆ, ನಿತ್ಯ ಕಾಲು ಗಂಟೆಯ ಅಭ್ಯಾಸದಿಂದ ಮುಂದಿನ ಪರೀಕ್ಷೆಯೊಳಗೆ ತಿದ್ದಿಕೊಳ್ಳುವಂಥದ್ದಾಗಿರುತ್ತದೆ. ಮಕ್ಕಳಿಗೆ ಮನೆಯಲ್ಲಿ ಇದರ ಬಗ್ಗೆ ಬೇರೆ ಮಕ್ಕಳ ಹೆಸರು ಹೇಳಿ ಮಾತಾಡಬೇಡಿ. ತೇರ್ಗಡೆಯಾದವರು ಹೊಸ ಬೆಲ್ಟ್ ಕಟ್ಟಿಕೊಂಡು ಹೇಯಾನ್ ನಿದಾನ್‌ನ 26 ಚಲನೆಗಳಿಗೆ ಕೈ ಹಾಕುವಾಗ ಹೇಯಾನ್ ಶೋದಾನ್ ಅನ್ನು ಬಿಟ್ಟುಬಿಡಬಾರದು. ಮೇಲಿನ ಪರೀಕ್ಷೆಗಳಲ್ಲಿ ಹಿಂದಿನ ಕಟಾಗಳಲ್ಲಿ ಯಾವುದನ್ನಾದರೂ ಮುನ್ಸೂಚನೆಯಿಲ್ಲದೆ ಕೇಳುವುದುಂಟು. ಪ್ರಮಾಣಪತ್ರದಲ್ಲಿ ಹೆಸರಿನ ಕಾಗುಣಿತ, ಕ್ಯು ಸಂಖ್ಯೆ, ದಿನಾಂಕ ಸರಿಯಾಗಿವೆಯೇ ಎಂದು ಕೈಗೆ ಬಂದ ದಿನವೇ ನೋಡಿ, ತಪ್ಪಿದ್ದರೆ ಆಗಲೇ ತಿದ್ದಿಸಿಕೊಳ್ಳಿ. ಊರು ಬದಲಾಗಿ ಬೇರೆ ತರಗತಿಗೆ ಸೇರುವಾಗಲೂ, ಮುಂದೆ ದಾನ್ ಪರೀಕ್ಷೆಗೆ ಅರ್ಜಿ ಹಾಕುವಾಗಲೂ ಹಿಂದಿನ ಎಲ್ಲ ಪ್ರಮಾಣಪತ್ರಗಳನ್ನು ಕೇಳಬಹುದಾದ್ದರಿಂದ, ಅವುಗಳನ್ನು ಗೋಡೆಗೆ ತೂಗುಹಾಕಿದರೂ ಒಂದೊಂದು ನಕಲನ್ನು ಕಡತದಲ್ಲಿ ಇಟ್ಟುಕೊಳ್ಳಿ.